ಘಳಿಗೆ ಮುರಿದ ಸೀರೆ

ಅಣ್ಣ ಮಗ್ಗದ ಕುಣಿ ಮುಚ್ಚುತ್ತೇನೆ ಎಂದ ದಿನವೇ ನನಗೆ ಈ ವೆಬ್‌ಸೈಟಿನ ಹುಚ್ಚು ಹತ್ತಿದ್ದು. ಅಲ್ಲಿಯವರೆಗೆ ಅದರ ಗಂಧಗಾಳಿಯೂ ನನಗಿರಲಿಲ್ಲ. ಇಳಕಲ್ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲಗ್ನಪತ್ರಿಕೆ ಕೂಡಿಸುವವಳು ನಾನು. ಲಗ್ನ, ಜವಳ, ಗೃಹಪ್ರವೇಶ, ತೀರಿಕೊಂಡವರ ಫ್ಲೆಕ್ಸು, ಹೀಗೆ ಊರಿನ ಸುಖದುಃಖವೆಲ್ಲ ನನ್ನ ಬೆರಳಿನ ಕೆಳಗೇ ಹಾದುಹೋಗುತ್ತದೆ. ವಿದ್ಯೆ ಮಾತ್ರ ಅಷ್ಟೇ. ಅದರಾಚೆ ಕಂಪ್ಯೂಟರ್ ಏನಾದರೂ ಕೇಳಿದರೆ ನಾನು ಅದರ ಮುಖ ನೋಡುತ್ತೇನೆ, ಅದು ನನ್ನ ಮುಖ ನೋಡುತ್ತದೆ.

ನಮ್ಮದು ನೇಕಾರರ ಓಣಿ. ಒಂದು ಕಾಲಕ್ಕೆ ಮನೆಮನೆಗೂ ಕುಣಿಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ತುಳಿಯುತ್ತ, ಲಾಳಿ ಎಸೆಯುತ್ತ ಕೂಡ್ರಬೇಕು. ಈಗ ಬಹಳಷ್ಟು ಮನೆಗಳಲ್ಲಿ ಆ ಜಾಗಕ್ಕೆ ಟೈಲ್ಸ್ ಬಂದಿದೆ, ಟೈಲ್ಸಿನ ಮೇಲೆ ಟಿವಿ ಬಂದಿದೆ. ಓಣಿಯ ತುದಿಯ ಶೆಡ್ಡಿನಿಂದ ಪವರ್‌ಲೂಮಿನ ಸದ್ದು ದಿನವಿಡೀ ಕೇಳುತ್ತದೆ. ಕುಣಿ ಉಳಿದದ್ದು ಎಲ್ಲೋ ಕೆಲವು ಮನೆಗಳಲ್ಲಿ, ಅದರಲ್ಲಿ ನಮ್ಮದೊಂದು. ಒಮ್ಮೆ ಮುಚ್ಚಿದ ಕುಣಿಯನ್ನು ಮತ್ತೆ ತೋಡಿದವರನ್ನು ನಾನಂತೂ ಕಂಡಿಲ್ಲ.

"ಮಷೀನಿನ ಸೀರಿಗೂ ನನ್ನ ಸೀರಿಗೂ ಯಾರಿಗೆ ಫರಕ ಗೊತ್ತಾಗತೈತಿ?" ಎಂದಿದ್ದ ಅಣ್ಣ. "ವ್ಯಾಪಾರಿನೂ ಅದಽ ಹೇಳತಾನ. ದೀಪಾವಳಿ ತನಕ ನೋಡ್ತೇನಿ. ಆಮ್ಯಾಲೆ ಕುಣಿಗೆ ಮಣ್ಣು."

ವೈನಿ, ಅಂದರೆ ಅಣ್ಣನ ಹೆಂಡತಿ, ಅಲ್ಲೇ ಮಗ್ಗದ ಹತ್ತಿರ ಕುಳಿತು ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿಗೆ ಉದ್ದಕ್ಕೆ ಎಳೆದ ನೂಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಪ್ರತಿ ಸೀರೆಗೂ ಆ ಎರಡನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ. ಮಷೀನಿನ ಸೀರೆಗೆ ಆ ಉಸಾಬರಿಯೂ ಇಲ್ಲ, ಕೂಡಿಸಿದಲ್ಲಿ ಉಳಿಯುವ ಗೆರೆಯೂ ಇಲ್ಲ. ಚೊಳಚಗುಡ್ಡದಿಂದ ಮದುವೆಯಾಗಿ ಬಂದಾಗ ವೈನಿ ಮಗ್ಗವನ್ನೇ ಕಂಡವಳಲ್ಲ, ನಮ್ಮವ್ವ ಪಕ್ಕದಲ್ಲಿ ಕೂಡ್ರಿಸಿಕೊಂಡು ಕಲಿಸಿದ್ದಳು. ಕುಣಿ ಮುಚ್ಚಿದರೆ ಅಣ್ಣನಿಗೆ ಯಾರದಾದರೂ ಶೆಡ್ಡಿನಲ್ಲಿ ಕೂಲಿಯಾದರೂ ಸಿಗುತ್ತದೆ. ಇವಳ ಬೆರಳಿಗೆ ಏನು ಕೆಲಸ? ಅವತ್ತು ಅವಳು ತಲೆ ಬಗ್ಗಿಸಿ ಕೊಂಡಿ ಹಾಕುತ್ತಲೇ ಇದ್ದಳು.

ಸೀರೆ ಉಡುವವರು ನಡುವಿನ ವ್ಯಾಪಾರಿಯನ್ನು ಬಿಟ್ಟು ನೇರ ನಮಗೇ ಫೋನ್ ಮಾಡುವಂತಾದರೆ? ಪ್ರೆಸ್ಸಿನ ಮಾಲಕರ ಮುಂದೆ ಇದನ್ನು ಆಡಿದೆ. ಅವರ ಅಜ್ಜ ನಮ್ಮ ಓಣಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ ಸಾಬರು, ಹಾಗಾಗಿ ಓಣಿಯ ಮೇಲೆ ಅವರಿಗೊಂದು ಮಮತೆ. "ಒಂದು ವೆಬ್‌ಸೈಟ್ ಮಾಡ್ರಲ್ಲ ಅಕ್ಕಾರ. ನಿಮಗ ಕಂಪ್ಯೂಟರ್ ಬರತೈತಿ" ಎಂದರು. ಬರುವುದೆಷ್ಟು ಎಂದು ನನಗೆ ಗೊತ್ತಿತ್ತು. ಆದರೂ ಹೂಂ ಅಂದೆ.

ಗಣಪತಿಗೆ ವಂತಿಗೆ ಎತ್ತುವಂತೆ ಓಣಿಯಲ್ಲಿ ಪಟ್ಟಿ ಎತ್ತಿದೆವು. ಕೈಮಗ್ಗದವರೂ ಕೊಟ್ಟರು, ಪವರ್‌ಲೂಮಿನವರೂ ಕೊಟ್ಟರು. ಒಬ್ಬ ಮುದುಕಿ, "ಅದೇನವಾ ಅದು?" ಎಂದು ಕೇಳಿದಳು. "ಅಂಗಡಿ ಇದ್ದಂಗ ಆಯಿ, ಫೋನಿನಾಗ" ಎಂದೆ. "ಹಂಗಾರ ಬಾಗಲಾ ಹಾಕಾವರು ಯಾರು?" ಎಂದಳು. ನಾನು ನಕ್ಕುಬಿಟ್ಟೆ. ಅದು ನಗುವ ಮಾತಾಗಿರಲಿಲ್ಲ.

ಕೂಡಿದ ಹಣ ಸೈಟಿನ ಹೆಸರು ಕಾಯ್ದಿರಿಸುವುದಕ್ಕೆ, ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆಗೆ ಹಿಡಿಯುವುದಕ್ಕೆ ಹೋಯಿತು. ಬೆಂಗಳೂರಿನವರಿಗೆ ಕೊಟ್ಟು ಮಾಡಿಸುವ ಮಾತೇ ಇರಲಿಲ್ಲ. ಪುಕ್ಕಟೆ ಸಿಗುವ ಒಂದು ವಿನ್ಯಾಸ ಹುಡುಕಿದೆ. ಅದು ಯಾವುದೋ ಬೇಕರಿಗೆಂದು ಮಾಡಿದ್ದು. ಕೇಕಿನ ಚಿತ್ರ ತೆಗೆದು ಸೀರೆ ಹಾಕಬೇಕು, ಇಷ್ಟೇ ಕೆಲಸ ಅಂದುಕೊಂಡೆ. ಶಿವನೇ, ಆ ಕೇಕು ನನ್ನ ಜೀವ ತಿಂದಿತು! ಕಂಪ್ಯೂಟರಿನಲ್ಲಿ ತೆಗೆದರೆ ಫೋನಿನಲ್ಲಿ ಕಾಣುತ್ತಿತ್ತು. ಪ್ರೆಸ್ಸಿನ ಕೆಲಸ ಮುಗಿಸಿ, ಹಿಂದಿಯ ವೀಡಿಯೊ ಹಚ್ಚಿಕೊಂಡು, ಅದರಲ್ಲಿನವನು ಒತ್ತಿದ್ದನ್ನೇ ಒತ್ತುತ್ತ ಕಲಿತೆ. ಅರ್ಧಕ್ಕೆ ಬಂದಾಗ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿನಿಂದ.

ಕಡೆಗೆ ತಯಾರಾದದ್ದು ಲಗ್ನಪತ್ರಿಕೆಯ ಹಾಗೇ ಇತ್ತು. ನನ್ನ ಕೈಗೆ ಬರುವುದು ಅದೊಂದೇ. ನೆತ್ತಿಗೆ ಶ್ರೀಕಾರ, ಮೂಲೆಗೆ ಹೂಬಳ್ಳಿ. ಯಾರ ಫೋನ್ ನಂಬರ್ ಹಾಕಬೇಕೆಂದು ಓಣಿಯಲ್ಲಿ ಜಗಳ ಎದ್ದಾಗಲೂ ಲಗ್ನಪತ್ರಿಕೆಯ ಪದ್ಧತಿಯಲ್ಲೇ ಬಗೆಹರಿಸಿದೆ. ಪಟ್ಟಿ ಕೊಟ್ಟವರೆಲ್ಲರ ನಂಬರೂ ಇರಲಿ, ಹಿರಿಯರದು ಮೇಲೆ, ಕಿರಿಯರದು ಕೆಳಗೆ. ಎಲ್ಲರೂ ಒಪ್ಪಿದರು. ಓಣಿಗೆಲ್ಲ ಹಿರಿಯರು ಕಾಕಾ, ನಮ್ಮಪ್ಪನ ದಾಯಾದಿ. ತುದಿಯ ಪವರ್‌ಲೂಮ್ ಶೆಡ್ಡು ಅವರದೇ. ಅವರ ನಂಬರ್ ಎಲ್ಲಕ್ಕಿಂತ ಮೇಲೆ ಕುಳಿತಿತು. ಅಣ್ಣನದು ಬುಡದಲ್ಲಿ. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಲಿಲ್ಲ. ಹಿರಿಯರ ಹೆಸರು ಕೆಳಗೆ ಹಾಕಿದ ಪತ್ರಿಕೆಯನ್ನು ನಮ್ಮ ಕಡೆ ಯಾರು ಕೈಯಲ್ಲಿ ಹಿಡಿಯುತ್ತಾರೆ?

ಇನ್ನು ಸೀರೆಯ ಫೋಟೋ. ನಮ್ಮಲ್ಲಿ ಹೊಸ ಸೀರೆಯನ್ನು ಮೊದಲ ಸಲ ಮಡಿಕೆ ಬಿಚ್ಚಿ ಉಡುವುದಕ್ಕೆ ಘಳಿಗೆ ಮುರಿಯುವುದು ಎನ್ನುತ್ತಾರೆ. ಅದು ಕೊಂಡವಳ ಹಕ್ಕು. ಅವಳು ಬೇಕಾದರೆ ಒಳ್ಳೆಯ ಕೈಗುಣದವಳನ್ನು ಕರೆದು ಅವಳಿಂದ ಘಳಿಗೆ ಮುರಿಸುತ್ತಾಳೆ. ನೇಯ್ದವರ ಮನೆಯಲ್ಲಿ ಮುರಿದರೆ ಅದು ಉಟ್ಟ ಸೀರೆ, ಹೊಸದಲ್ಲ. ಹಾಗಾಗಿ ಫೋಟೋಕ್ಕೆ ಓಣಿಯವರೆಲ್ಲ ಮಡಿಸಿದ ಸೀರೆಯನ್ನೇ ತಂದಿಟ್ಟರು. "ಒಂದಽ ಒಂದು ಬಿಚ್ಚಿ ಕೊಡ್ರಿ" ಎಂದು ಕೇಳಿದರೆ ಒಬ್ಬಾಕೆ ಮೈಮೇಲೇ ಬಂದಳು: "ಘಳಿಗಿ ಮುರದ ಮ್ಯಾಲೆ ಯಾರು ತೊಗೋತಾರ? ನೀ ತೊಗೋತಿಯೇನು?" ನಾನು ಬಾಯಿ ಮುಚ್ಚಿಕೊಂಡು ಮಡಿಕೆಗಳದೇ ಫೋಟೋ ಹೊಡೆದು ಹಾಕಿದೆ.

ಒಂದು ಫೋನೂ ಬರಲಿಲ್ಲ. ಮೊದಮೊದಲು ಅಣ್ಣ ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ "ಏನವಾ, ಯಾರರ ಕೇಳಿದ್ರೇನು?" ಎನ್ನುತ್ತಿದ್ದ. ಶ್ರಾವಣ ಹೋಯಿತು, ಗಣಪತಿ ಹೋದ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಕೇಳದಿದ್ದಾಗ ನನಗೆ ಇನ್ನೂ ಸಂಕಟವಾಗುತ್ತಿತ್ತು. ಒಂದು ದಿನ ಮಾಲಕರು ವೆಬ್‌ಸೈಟನ್ನು ಮೇಲಿಂದ ಕೆಳಗಿನತನಕ ನೋಡಿ, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಇದು ಇಟ್ಟಂಗಿ ಭಟ್ಟಿ ಕಂಡಂಗ ಕಾಣತೈತಿ" ಎಂದರು. ನೋಡಿದೆ. ಹೌದು, ಸಾಲಾಗಿ ಪೇರಿಸಿದ ಕೆಂಪು ಇಟ್ಟಿಗೆಗಳೇ. ಮನೆಗೆ ಬಂದು ಅದನ್ನು ವೈನಿಗೆ ಹೇಳಿದೆ. ಅಳು ಬಂತು.

ಮರುವಾರ ಅಣ್ಣ ಯಾವುದೋ ಕೆಲಸಕ್ಕೆ ಬಾಗಲಕೋಟೆಗೆ ಹೋಗಿದ್ದ. ವೈನಿ ಪ್ರೆಸ್ಸಿಗೆ ಫೋನ್ ಮಾಡಿ, "ಲಗೂನ ಮನಿಗೆ ಬಾ" ಎಂದಳು. ಏನೋ ಆಗಬಾರದ್ದು ಆಯಿತೆಂದು ಓಡಿದೆ. ಬಾಗಿಲಲ್ಲಿ ವೈನಿ ಹೊಸ ಸೀರೆ ಉಟ್ಟು ನಿಂತಿದ್ದಳು. ಅಣ್ಣ ಹಿಂದಿನ ದಿನವಷ್ಟೇ ಮಗ್ಗದಿಂದ ಇಳಿಸಿದ್ದ ರೇಷ್ಮೆ ಸೀರೆ. ಹಸಿರು ಒಡಲು, ಕೆಂಪು ಸೆರಗು, ಸೆರಗಿಗೆ ಬಿಳಿಯ ತೆನೆಯ ಚಿತ್ತಾರ. ಇಷ್ಟು ವರ್ಷ ಗಂಡ ನೇಯ್ದ ಸೀರೆಗಳಿಗೆ ಕೊಂಡಿ ಹಾಕಿದವಳು ಅವನ್ನು ವ್ಯಾಪಾರಿಗೆ ಕಳಿಸುತ್ತಿದ್ದಳೇ ಹೊರತು ಒಂದನ್ನೂ ಉಟ್ಟವಳಲ್ಲ.

ಎದುರು ಮನೆಯವರು ಗೋಡೆಗೆ ನಮ್ಮೂರಿನ ಕೆಂಪು ಗ್ರಾನೈಟ್ ಹಚ್ಚಿಸಿದ್ದರು. ಅದರ ಮುಂದೆ ನಿಲ್ಲಿಸಿ, ಸೆರಗನ್ನು ತೋಳಿನ ಮೇಲೆ ಹರವಿ ಫೋಟೋ ಹೊಡೆದೆ. ತೋರಿಸಿದಾಗ, "ನಾನಽ ಏನಿದು?" ಎಂದಳು. ನನ್ನ ವೈನಿ ಇಷ್ಟು ಚೆಲುವೆ ಎಂದು ನನಗೂ ಆವತ್ತೇ ಗೊತ್ತಾಗಿದ್ದು. ಆ ಗಳಿಗೆಯಲ್ಲಿ ನಿಜವಾಗಿ ಸಂತೋಷವಾಯಿತು. ಸುಳ್ಳೇಕೆ ಹೇಳಲಿ?

ಸೀರೆ ಬಿಚ್ಚುವುದರೊಳಗೆ ಅಣ್ಣ ಬಂದ. ಹೊಸ್ತಿಲಲ್ಲೇ ನಿಂತ.

"ಮುರದಿ?" ಎಂದ.

"ಮುರದೆ. ಕುಣಿ ಮುಚ್ಚೂದಕ್ಕಿಂತ ಘಳಿಗಿ ಮುರಿಯೂದು ಪಾಡ ಅನ್ನಿಸ್ತು."

ಅವನು ಆ ಸೀರೆಯನ್ನು ಹಳೆಯ ಗೆರೆಗಳ ಮೇಲೆ ಮತ್ತೆ ಮಡಿಸಿ ವ್ಯಾಪಾರಿಯ ಹತ್ತಿರ ಒಯ್ದ. ವ್ಯಾಪಾರಿ ಬೆರಳಾಡಿಸಿ ನೋಡಿ ಹಾಗೇ ಹೊಳ್ಳಿ ಕೊಟ್ಟ. ಸೀರೆ ವೈನಿಯ ಟ್ರಂಕು ಸೇರಿತು. ಅದರ ದುಡ್ಡಿಲ್ಲದೆ ಆ ತಿಂಗಳು ಹೇಗೆ ಕಳೆಯಿತೆಂಬುದನ್ನು ಬರೆಯುವುದು ಬೇಡ.

ನಾನು ಇಟ್ಟಿಗೆಗಳನ್ನೆಲ್ಲ ಕೆಳಗೆ ಸರಿಸಿ ವೈನಿಯ ಫೋಟೋವನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಮಾಲಕರು ತಮ್ಮ ಗುರುತಿನವರಿಗೆಲ್ಲ ಕಳಿಸಿದರು, ಅವರು ಇನ್ನಾರಿಗೋ ಕಳಿಸಿದರು. ಫೋನುಗಳು ಶುರುವಾದವು! ಯಾರೂ ನಂಬರುಗಳನ್ನು ಬುಡದತನಕ ಓದಲಿಲ್ಲ. ಮೇಲಿನ ನಂಬರಿಗೆ ಹೊಡೆದರು. ಕಾಕಾನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ ಎಂದು ಓಣಿಯವರು ಹೇಳಿದಾಗ ನಾನು ಹುಚ್ಚಿಯ ಹಾಗೆ ಮನೆಗೆ ಓಡಿಬಂದು, "ಅಣ್ಣಾ, ಗೆದ್ದಿವಿ" ಎಂದೆ. ಎಲ್ಲರೂ ಕೇಳುತ್ತಿದ್ದದ್ದು ಅದೇ ಸೀರೆ, ಹಸಿರು ಒಡಲು, ಕೆಂಪು ಸೆರಗು. ಅಣ್ಣನಿಗೂ ಒಂದು ಫೋನ್ ಬಂತು. ಯಾವುದೋ ದೂರದ ಅಂಗಡಿಯವರು. ವಾರಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. "ಒಂದಕ್ಕಽ ವಾರದ ಮ್ಯಾಲೆ ಹಿಡಿತೈತ್ರಿ" ಎಂದ ಅಣ್ಣ. ಅವರು ಫೋನ್ ಇಟ್ಟರು.

ಅಷ್ಟರಲ್ಲಿ ಕಾಕಾನ ಶೆಡ್ಡಿನ ಮಷೀನುಗಳಿಗೆ ಹಸಿರು ಹಾಸು ಏರಿಯಾಗಿತ್ತು. ನಾನು ತಡೆಯಲಾರದೆ ಅವರ ಮನೆಗೆ ಹೋದೆ.

"ಬಾರವಾ ತಂಗಿ, ಚಾ ಕುಡಿ" ಎಂದರು.

"ಚಾ ಒಲ್ಲೆ ಕಾಕಾ. ಜನ ಕೇಳಿದ್ದು ಅಣ್ಣನ ಸೀರಿ. ಅವಗೊಂದು ಮಾತು ಹೇಳಲಿಲ್ಲಲ್ಲ ನೀವು?"

"ಹೇಳಿದ್ರ ಏನ್ ಮಾಡತಿದ್ದ? ಅವರು ಕೇಳೂದು ನೂರು, ಇಂವ ಕೊಡೂದು ಒಂದು. ಓಣಿಗೆ ಬಂದ ಗಿರಾಕಿ ಹೊಳ್ಳಿ ಹೋಗಬೇಕೇನು? ಪಟ್ಟಿ ನಾನೂ ಕೊಟ್ಟೇನಿ ತಂಗಿ. ಓಣಿ ಸೈಟ್ ಅಂದಮ್ಯಾಲೆ ಅದು ನನ್ನದೂ ಹೌದಲ್ಲ?"

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಚಹಾ ಬಂತು, ಕುಡಿದೆ. ಎದ್ದು ಬರುವಾಗ, "ಅಣ್ಣಗ ಹೇಳು, ಶೆಡ್ಡಿನಾಗ ಒಂದು ಮಷೀನು ಖಾಲಿ ಐತಿ. ಹೊರಗಿನವರಿಗಿಂತ ನಮ್ಮವರಽ ಆದ್ರ ಚಲೋ" ಎಂದರು. ಆ ಪ್ರೀತಿಗೇ ನನಗೆ ಮೈ ಉರಿಯಿತು.

ಇನ್ನೂ ಒಂದು ಬಾಕಿ ಇತ್ತು. ಸೀರೆಯ ಪಾಕೀಟಿನ ಮೇಲೆ ಹಾಕುವ ಚೀಟಿಗೆ ಕಾಕಾ ನಮ್ಮ ಪ್ರೆಸ್ಸಿಗೇ ಆರ್ಡರ್ ಕೊಟ್ಟರು. ಚೀಟಿಯ ಮೇಲೆ ವೈನಿಯ ಫೋಟೋ ಬರಬೇಕು. ಮಾಲಕರು ತಲೆ ತಗ್ಗಿಸಿ, "ನಿಮಗ ಆಗೂದಿಲ್ಲಂದ್ರ ನಾ ಮಾಡ್ತೇನ್ರಿ ಅಕ್ಕಾರ" ಎಂದರು. ಮನೆಗೆ ಬಂದು ವೈನಿಗೆ, "ಆಗೂದಿಲ್ಲ ಅಂತ ಹೇಳಿಬಿಡ್ತೇನಿ. ಸೈಟಿನಿಂದನೂ ಫೋಟೋ ತಗೀತೇನಿ" ಎಂದೆ. ಅವಳು, "ತಗೀಬ್ಯಾಡ. ಚೀಟಿನೂ ನೀನಽ ಮಾಡ. ಬ್ಯಾರೆಯವರು ಮಾಡಿದ್ರ ಮಾರಿ ಕರ್ರಗ ಬರತೈತಿ" ಎಂದಳು. ನಾನೇ ಮಾಡಿದೆ. ಮುಖಕ್ಕೆ ಬೆಳಕು ಹೆಚ್ಚಿಸಿ, ಹಿಂದಿನ ಗೋಡೆ ಅಳಿಸಿ, ಚೆನ್ನಾಗಿ ಮಾಡಿದೆ.

ದೀಪಾವಳಿ ಬಂತು. ಪಾಡ್ಯ ಮುಗಿದ ಮೇಲೆ ಅಣ್ಣ ಮಗ್ಗ ಬಿಚ್ಚಿ, ಕುಣಿಗೆ ಗರಸು ತುಂಬಿಸಿ, ಮೇಲೆ ಸಿಮೆಂಟ್ ಹಾಕಿಸಿದ. ವೈನಿ ಅದಕ್ಕೆ ನೀರು ಹೊಡೆದು ಹೊಡೆದು ಗಟ್ಟಿ ಮಾಡಿದಳು. ಈಗ ಅವನು ಕಾಕಾನ ಶೆಡ್ಡಿನಲ್ಲಿ ಆ ಹಸಿರು ಸೀರೆಯನ್ನೇ ಮಷೀನಿನಲ್ಲಿ ತೆಗೆಯುತ್ತಾನೆ. ಅವನು ತೆಗೆದ ಸೀರೆ ಅವನ ಹೆಂಡತಿಯ ಫೋಟೋ ಹೊತ್ತುಕೊಂಡು ಊರೂರಿಗೆ ಹೋಗುತ್ತದೆ. ಮಷೀನಿನ ಸದ್ದಿಗೆ ಅಣ್ಣನ ಕಿವಿ ಮಂದವಾಗಿದೆ, ಮನೆಯಲ್ಲಿ ನಾವೆಲ್ಲ ಒದರಿ ಮಾತಾಡುತ್ತೇವೆ.

ಮೊನ್ನೆ ಹುನಗುಂದದಲ್ಲಿ ನಮ್ಮ ಬಳಗದವರದೊಂದು ಲಗ್ನ. ಪತ್ರಿಕೆ ಕೂಡಿಸಿದ್ದು ನಾನೇ. ವೈನಿ ಟ್ರಂಕಿನಿಂದ ಆ ಸೀರೆ ತೆಗೆದು ಉಟ್ಟಳು. "ಮುರದದ್ದಂತೂ ಮುರದೈತಿ, ಇಟ್ಟು ಏನ್ ಮಾಡ್ಲಿ?" ಎಂದಳು. ಊಟಕ್ಕೆ ಕುಳಿತಾಗ ಅವಳ ಪಕ್ಕದ ಹೆಂಗಸು, ನಮಗೆ ಗುರುತಿಲ್ಲದವಳು, ಸೆರಗು ಹಿಡಿದು ನೋಡಿದಳು.

"ಯವ್ವಾ, ಇದು ಆ ಪಾಕೀಟಿನ ಮ್ಯಾಲಿನ ಸೀರಿ ಅಲ್ಲೇನ್ರಿ? ನಾನೂ ಒಂದು ತೊಗೊಂಡೇನಿ. ಭಾಳ ಸೋವಿ ಸಿಕ್ತು, ಅರ್ಧಾ ರೊಕ್ಕಕ್ಕ. ಮಷೀನಿಂದಾದ್ರೂ ಎಷ್ಟು ಚಂದ ಬರತಾವು ಅಲ್ಲಾ?"

ಅವಳು ವೈನಿಯ ಮುಖ ನೋಡಲೇ ಇಲ್ಲ. ನನ್ನ ಬಾಯಿಗೆ ಮಾತು ಬಂದಿತ್ತು. ಎದುರಿನ ಸಾಲಿನಲ್ಲಿ ಅಣ್ಣ ಕುಳಿತಿದ್ದ. ಆಕೆಯ ದನಿ ದೊಡ್ಡದು, ಅವನಿಗೂ ಕೇಳಿಸಿತ್ತು. ವೈನಿ ಅವಳ ಕೈಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು, ಕೊಂಡಿಯ ಗೆರೆ ಕಾಣದಂತೆ ಒಳಗೆ ಮಡಚಿಕೊಂಡಳು.

"ಹೌದ್ರಿ, ಅದಽ ಸೀರಿ" ಎಂದಳು. "ಭಾಳ ಸೋವಿ."

ಬಡಿಸುವವರು ಹೋಳಿಗೆ ತಂದರು. ಅಣ್ಣ ಎಲೆಯ ಮೇಲೆ ಕೈ ಅಡ್ಡ ಹಿಡಿದ.