ಟೆಡ್ ನಿಲ್ಲುತ್ತಿದ್ದ ಜಾಗ

ಬರ್ಚ್‌ವುಡ್ ಸ್ಟೇಷನ್‌ಗೆ ದಾರಿ ಯಾವುದು ಅಂತ ನಾನು ಕೇಳಿದ ಮೂರನೆಯವಳು ಆ ಅಜ್ಜಿ. ಮೊದಲಿಬ್ಬರು ಒಂದೊಂದು ದಿಕ್ಕಿಗೆ ಅಟ್ಟಿದ್ದರು, ಫೋನಿನ ಚಾರ್ಜ್ ಮುಗಿದಿತ್ತು. ಪಾರ್ಕಿನ ಗೇಟಿನಲ್ಲಿ ನಿಂತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾನೇ ಕಾರಲ್ಲಿ ಬಿಡ್ತೀನಿ, ಲವ್. ಮೊದಲು ನನ್ನದೊಂದು ಕೆಲಸ ಮಾಡಿಕೊಡು" ಅಂದಳು. ಗುರುತಿಲ್ಲದವರನ್ನೂ "ಲವ್" ಅಂತ ಕರೆಯುವುದು ಅಲ್ಲಿನ ರೂಢಿ.

ಅವರ ಊರಿನ ಬೇಸ್‌ಬಾಲ್ ತಂಡದ ಹಳೆಯ ಆಟಗಾರ ಟೆಡ್ ಈಚೆಗೆ ತೀರಿಕೊಂಡಿದ್ದನಂತೆ. ಅವನ ನೆನಪಿಗೆ ಅಭಿಮಾನಿಗಳೇ ಸೇರಿ ಒಂದು ಆಟ ಇಟ್ಟುಕೊಂಡಿದ್ದರು. ಆದರೆ ಮೈದಾನದ ಬಲಮೂಲೆಯಲ್ಲಿ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲು ಯಾರಿಗೂ ಮನಸ್ಸಿಲ್ಲ. ಆಟ ಶುರುವೇ ಆಗಿಲ್ಲ.

"ನೀನು ಅವನನ್ನ ಕಂಡವಳಲ್ಲ. ನಿನಗೆ ಅಳು ಬರಲ್ಲ," ಅಂತ ಟೆಡ್‌ನ ಹಳೆಯ ಗ್ಲವ್ ನನ್ನ ಕೈಗೆ ತುರುಕಿದಳು.

ಎಷ್ಟೋ ದೇಶಗಳಲ್ಲಿ ದಾರಿ ತಪ್ಪಿದ್ದೇನೆ, ಯಾರೂ ಇಂಥ ಬಾಡಿಗೆ ಕೇಳಿರಲಿಲ್ಲ. ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಚೆಂಡು ನನ್ನ ಕಡೆಗೇ ಹಾರಿ ಬಂತು. ಹುಬ್ಬಳ್ಳಿಯ ಓಣಿಯಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿದ ಕೈ, ಗಪ್ಪನೆ ಹಿಡಿದುಬಿಟ್ಟೆ. ಚಪ್ಪಾಳೆಗೆ ಕಾದೆ. ಒಬ್ಬರೂ ತಟ್ಟಲಿಲ್ಲ.

ಅಜ್ಜಿ ಬೇಲಿಯಾಚೆಯಿಂದ ಕೂಗಿದಳು: "ಟೆಡ್ ತನ್ನ ಜನ್ಮದಲ್ಲಿ ಒಂದು ಕ್ಯಾಚೂ ಹಿಡಿದವನಲ್ಲ, ಲವ್! ಬಿಟ್ಟಾಗೆಲ್ಲ ಟೋಪಿ ತೆಗೆದು ನಮಗೆ ನಮಸ್ಕಾರ ಮಾಡ್ತಿದ್ದ. ನಾವು ಬರ್ತಿದ್ದದ್ದೇ ಅದನ್ನ ನೋಡೋಕೆ."

ಮುಂದಿನ ಚೆಂಡು ಇನ್ನೂ ಸುಲಭದ್ದು. ಎರಡೂ ಕೈ ಚಾಚಿ, ನೆಲಕ್ಕೆ ಬಿಟ್ಟೆ. ಟೋಪಿ ಇರಲಿಲ್ಲ, ದುಪಟ್ಟಾ ಎತ್ತಿ ಬಗ್ಗಿದೆ. ಜನ ಎದ್ದು ನಿಂತು "ಟೆಡ್! ಟೆಡ್!" ಅಂತ ಕೂಗಿದರು.

ಅಜ್ಜಿ ಕಣ್ಣೊರೆಸಿಕೊಂಡು ಕಾರಿನ ಕೀ ತೆಗೆದಳು. ಬಾಡಿಗೆ ಸಂದಾಯವಾಗಿತ್ತು.