ಕೊನೆಯ ಪಂಕ್ತಿಯ ಎಲೆ

ನರಿಮೊಗರಿನ ಶೀನಪ್ಪ ಸೂಪರ್‌ವೈಸರ್ ಆಗಿದ್ದ ಗೇರುಬೀಜದ ಕಾರ್ಖಾನೆ ಒಂದು ಸೋಮವಾರ ಬಾಗಿಲು ತೆರೆಯಲೇ ಇಲ್ಲ. ಬುತ್ತಿ ಹಿಡಿದು ಗೇಟಿನೆದುರು ನಿಂತವನಿಗೆ ವಾಚ್‌ಮನ್ ಸುದ್ದಿ ಹೇಳಬೇಕಾಯಿತು. ಅಂದು ಬಡಿದ ದಿಗ್ಭ್ರಮೆ ಮೂರು ವರ್ಷವಾದರೂ ಪೂರ್ತಿ ಬಿಡಲಿಲ್ಲ. ಐವತ್ತು ದಾಟಿದವನಿಗೆ ಕೆಲಸ ಕೊಡುವವರು ಯಾರು? ಪುತ್ತೂರು ಪೇಟೆಯಲ್ಲಿ 'ಹೇಳಿ ಕಳಿಸ್ತೇವೆ' ಎಂಬ ಮಾತು ಕೇಳಿ ಕೇಳಿ ಅವನ ಕಿವಿ ತೂತಾಯಿತು. ಹೇಳಿ ಕಳಿಸಿದವರು ಒಬ್ಬರೂ ಇಲ್ಲ. ಮನೆ ನಡೆದದ್ದು ಹೆಂಡತಿ ಮೋಹಿನಿಯ ಹೊಲಿಗೆ ಮಿಷನಿನಿಂದ.

ಆದರೆ ಊರಿನ ಸುದರಿಕೆಗೆ ಶೀನಪ್ಪ ಬೇಕೇ ಬೇಕು. ಮದುವೆಯಿರಲಿ, ಮನೆ ಒಕ್ಕಲಿರಲಿ, ನೆಂಟರೂ ನೆರೆಯವರೂ ಸೇರಿ ಸಂಬಳದ ಮಾತಿಲ್ಲದೆ ಬಂದವರಿಗೆಲ್ಲ ಬಡಿಸಿ ಉಪಚರಿಸುವ ಕೆಲಸ ಅದು. ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ ಎತ್ತಿದರೆ ಸಾಕು, ಅವನ ಗಂಟಲಿಗೆ ಹಳೆಯ ಕಳೆ ಬರುತ್ತಿತ್ತು. "ಆ ಕಡೆ ಅನ್ನ ಬರ್ಲಿ ಮಾರಾಯ್ರೆ!" ಎಲ್ಲರದೂ ಮುಗಿದ ಮೇಲೆ ಸುದರಿಕೆಯವರು ಕೊನೆಯ ಪಂಕ್ತಿಗೆ ಕೂರುವುದು, ಮನೆಯ ಯಜಮಾನ ತಾನೇ ಅವರಿಗೆ ಬಡಿಸುವುದು ಪದ್ಧತಿ. ಆ ಎಲೆಯೆದುರು ಮಾತ್ರ ತಾನಿನ್ನೂ ನಾಲ್ಕು ಜನಕ್ಕೆ ಬೇಕಾದವನು ಎಂದು ಶೀನಪ್ಪನಿಗೆ ಅನಿಸುತ್ತಿತ್ತು.

ಈ ಗತ್ತು ನೋಡಿಯೇ ಕ್ಯಾಟರಿಂಗ್ ನಡೆಸುವ ಕಡಬದ ಜತ್ತಪ್ಪ ಕೇಳಿದ, "ನನ್ನೊಟ್ಟಿಗೆ ಬರ್ತೀರಾ ಶೀನಪ್ಪಣ್ಣ? ತಿಂಗಳ ಸಂಬಳ ಉಂಟು."

ಶೀನಪ್ಪ ತಬ್ಬಿಬ್ಬಾದ. ಬಡಿಸುವುದಕ್ಕೂ ಸಂಬಳವೇ? ಮನೆಗೆ ಬಂದು ಹೇಳಿದರೆ ಮೋಹಿನಿ ಮಿಷನ್ ನಿಲ್ಲಿಸಲೂ ಇಲ್ಲ. "ಕದ್ದು ತರುದಲ್ಲ ಅಲ್ವಾ? ಹೋಗಿ."

ಮೊದಲ ದಿನವೇ ಸಿಕ್ಕಿದ್ದು ನೆರೆಮನೆಯ ಚನಿಯಪ್ಪನ ಮಗಳ ಮದುವೆ. ನಮ್ಮವರದೇ ಮದುವೆ ಎಂದು ಶೀನಪ್ಪನಿಗೆ ಖುಷಿ. ಕ್ಯಾಟರಿಂಗಿನ ಕೆಂಪು ಅಂಗಿ ತೊಟ್ಟು ಹಾಲ್ ತುಂಬ ಓಡಾಡಿದ. ಕೊನೆಯ ಪಂಕ್ತಿ ಬಂದಾಗ, ಎಂದಿನ ಅಭ್ಯಾಸ, ಕೈತೊಳೆದು ಊರಿನವರ ಸಾಲಿನಲ್ಲಿ ಕೂತೇಬಿಟ್ಟ.

ಅನ್ನ ಬಡಿಸುತ್ತ ಬಂದ ಚನಿಯಪ್ಪ ಅವನ ಎಲೆಯೆದುರು ನಿಂತ. ಅಂಗಿ ನೋಡಿದ. ಸೌಟು ಕೆಳಗಿಳಿಯಲಿಲ್ಲ.

"ಶೀನಪ್ಪಣ್ಣ, ನಿಮ್ಮವರಿಗೆ ಊಟ ಒಳಗೆ ಉಂಟಲ್ವಾ?"

ಬೈದದ್ದಲ್ಲ, ಮೆಲ್ಲಗೆ ಹೇಳಿದ್ದು. ಆದರೂ ಶೀನಪ್ಪ ಎಲೆಯ ಮೇಲಿದ್ದ ಕೈ ಹಿಂದಕ್ಕೆ ತೆಗೆದ. ನಿಮ್ಮವರು! ನಿನ್ನೆಯವರೆಗೆ ಇವರೇ ತಾನೇ ನಮ್ಮವರು? ಪುಕ್ಕಟೆ ಬಡಿಸಿದರೆ ಅಣ್ಣ, ಸಂಬಳಕ್ಕೆ ಬಡಿಸಿದರೆ ಆಳು; ನಮ್ಮ ಊರಿನ ಮರ್ಯಾದೆಯೇ ಇಷ್ಟು ನೋಡಿ. ಅಕ್ಕಪಕ್ಕದವರು ತಲೆ ತಗ್ಗಿಸಿ ತಮ್ಮ ತಮ್ಮ ಎಲೆ ಒರೆಸುತ್ತಿದ್ದರು. ಶೀನಪ್ಪ ಖಾಲಿ ಎಲೆ ಎತ್ತಿಕೊಂಡು ಒಳಗೆ ನಡೆದ.

ಅಡುಗೆಕೋಣೆಯ ಹಿಂದೆ ಕಂಡದ್ದು ಇನ್ನೂ ದೊಡ್ಡ ಆಘಾತ. ಬಡಿಸಿದವರು, ಪಾತ್ರೆ ತೊಳೆದವರು, ಎಲ್ಲ ಎಂಜಲೆಲೆಯ ಡ್ರಮ್ಮಿನ ಪಕ್ಕ ನಿಂತೇ ಗಬಗಬ ನುಂಗುತ್ತಿದ್ದರು. ಎಲ್ಲವೂ ಗುರುತಿನ ಮುಖಗಳೇ. ಎಷ್ಟೋ ಮದುವೆಗಳಲ್ಲಿ ಇವರ ಮೇಲೆ ಅನ್ನಕ್ಕೆ, ಸಾರಿಗೆ ಕೂಗಾಡಿದ್ದಾನೆ. ಇವರು ಎಲ್ಲಿ ಉಣ್ಣುತ್ತಾರೆ ಎಂದು ಮಾತ್ರ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ನಾಚಿಕೆಯೋ ಸಿಟ್ಟೋ, ಎಲೆಯ ಕಟ್ಟು ಎಳೆದು ಅಡುಗೆಕೋಣೆಯ ನೆಲಕ್ಕೆ ಸಾಲಾಗಿ ಹಾಕಿದ. "ಕೂತ್ಕೊಳ್ಳಿ ಎಲ್ಲ!" ಕಾರ್ಖಾನೆಯ ಗಂಟಲು ಅದು. ಎಲ್ಲರೂ ಕೂತರು.

ಜತ್ತಪ್ಪ ಓಡಿಬಂದ. "ಎಂತ ಮಾರಾಯ್ರೆ ಇದು? ಪಾತ್ರೆ ತೊಳೆಯುದು ಯಾರು?"

"ಉಂಡ ಮೇಲೆ ತೊಳೆಯುದು," ಎಂದು ಶೀನಪ್ಪ ಬಕೆಟ್ ಎತ್ತಿ ಬಡಿಸತೊಡಗಿದ.

ಊಟದ ಹಾಲ್‌ನಿಂದ ತಂದ ಎಲೆಯನ್ನು ಅವನು ಸಾಲಿನ ತುದಿಗೆ ಹಾಕಿದ್ದ. ಜತ್ತಪ್ಪ ಅದನ್ನು ನೋಡಿ, ಅವನ ಕೈಯಿಂದ ಬಕೆಟ್ ತೆಗೆದುಕೊಂಡು ಆ ಎಲೆಗೆ ಅನ್ನ ಹಾಕಿದ. "ಕೂತ್ಕೊಳ್ಳಿ."

ನಾಲ್ಕು ತುತ್ತು ಉಂಡು ಶೀನಪ್ಪ ಕೇಳಿದ, "ನಾಳೆ ಎಲ್ಲಿ?"

"ಸುಳ್ಯದಲ್ಲಿ."

"ಎಲೆ ಜಾಸ್ತಿ ತರ್ಸಿ."