ಅವರು ಬಿದ್ದ ಜಾಗದ ಫೋಟೋ

ನೌಕಾಪಡೆಯಲ್ಲಿ ನನ್ನ ಕೆಲಸ ಫೋಟೋ ತೆಗೆಯುವುದಾಗಿತ್ತು. ಧ್ವಜವಂದನೆಯಾಗಲಿ, ಫಿರಂಗಿ ಅಭ್ಯಾಸವಾಗಲಿ, ಹತ್ತಿರ ಸುಳಿದ ಅಪರಿಚಿತ ಹಡಗಾಗಲಿ, ಎಲ್ಲವೂ ದಾಖಲೆಗೆ ಸೇರಬೇಕು. ಲೆನ್ಸಿನ ಮೇಲೆ ಉಪ್ಪು ಕೂರುತ್ತಿತ್ತು. ದಿನವಿಡೀ ಒರೆಸುವುದೇ ಆಗುತ್ತಿತ್ತು. ತೆಗೆದದ್ದರಲ್ಲಿ ಒಂದೂ ನನ್ನದಲ್ಲ, ಎಲ್ಲವೂ ಪಡೆಯದು.

ಒಂದು ಮಳೆಗಾಲದಲ್ಲಿ ನಮ್ಮ ಹಡಗಿನ ಎಂಜಿನ್ ಮೆಕ್ಯಾನಿಕ್ ಒಬ್ಬರು ಅಲೆಯ ಹೊಡೆತಕ್ಕೆ ಸಮುದ್ರಕ್ಕೆ ಬಿದ್ದರು. ಬೆಂಗಳೂರಿನ ದೀಪಾಂಜಲಿ ನಗರದವರು. ಹಡಗಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಎರಡು ದಿನ ಹುಡುಕಿದರೂ ಸಿಗಲಿಲ್ಲ. ವಿಚಾರಣೆಗೆ ಬೇಕೆಂದು, ಬಿದ್ದ ದಿನವೇ, ಹಡಗಿನ ಅಂಚಿನ ಮುರಿದ ಕಂಬಿ, ಒದ್ದೆ ಡೆಕ್ಕು, ಅವರು ಬಿದ್ದ ಕಡೆಯ ನೀರು, ಇಷ್ಟನ್ನೂ ನನ್ನಿಂದ ತೆಗೆಸಿದರು. ಒಂದು ಚಿತ್ರವೂ ಅಲುಗಿರಲಿಲ್ಲ. ನನ್ನ ಕೈ ನಡುಗಲಿಲ್ಲವಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ನಿವೃತ್ತನಾಗಿ ಕೆಂಗೇರಿ ಉಪನಗರಕ್ಕೆ ಬಂದೆ. ಹೋದ ವರ್ಷ, ಯಾರಿಂದಲೋ ವಿಳಾಸ ಪಡೆದು ಆ ಮೆಕ್ಯಾನಿಕ್ ಅವರ ಹೆಂಡತಿ ನನ್ನ ಮನೆಗೆ ಬಂದರು.

"ಅಣ್ಣ, ಅವತ್ತು ಫೋಟೋ ತೆಗ್ದಿದ್ದು ನೀವೇ ಅಂತೆ. ಸುಡೋದಕ್ಕೂ ಏನೂ ಸಿಗ್ಲಿಲ್ಲ ನಮ್ಗೆ. ಆ ಜಾಗದ್ದು ಒಂದೇ ಒಂದು ಫೋಟೋ ಕೊಡ್ಸಿ. ಮಗ್ಳು ಕೇಳ್ತಾಳೆ, ಅಪ್ಪ ಎಲ್ಲಿ ಬಿದ್ರು ಅಂತ."

"ನನ್ನ ಹತ್ರ ಒಂದೂ ಇಲ್ಲಮ್ಮ. ನೌಕಾಪಡೆಗೆ ಬರ್ದು ಕೇಳ್ತೀನಿ" ಅಂದೆ.

ಬರೆದೆ. ಮೂರು ತಿಂಗಳಾದ ಮೇಲೆ ಉತ್ತರ ಬಂತು: ವಿಚಾರಣೆಯ ಚಿತ್ರಗಳನ್ನು ಯಾರಿಗೂ ಕೊಡಲಾಗದು. ಪತ್ರವನ್ನು ನಾನೇ ಮೆಟ್ರೋದಲ್ಲಿ ಅವರ ಮನೆಗೆ ಒಯ್ದೆ. ಅವರು ಎರಡು ಸಲ ಓದಿ ಮಡಿಚಿಟ್ಟರು.

"ಹೋಗ್ಲಿ ಬಿಡಿ. ಬಾಯಲ್ಲೇ ಹೇಳಿ ಅಣ್ಣ, ನೀರು ಹೇಗಿತ್ತು?"

ಆ ದಿನ ಅಲೆಗಳು ಎಷ್ಟು ಎತ್ತರವಿದ್ದವೆಂದರೆ ನನ್ನ ಚಿತ್ರಗಳಲ್ಲಿ ಆಕಾಶವೇ ಇರಲಿಲ್ಲ. ಅದನ್ನು ಹೇಳುವ ಧೈರ್ಯ ಬರಲಿಲ್ಲ.

"ಶಾಂತವಾಗಿತ್ತಮ್ಮ."

ಅವರು ನನ್ನ ಮುಖವನ್ನೇ ನೋಡಿದರು. "ಶಾಂತವಾಗಿದ್ರೆ ಯಾಕಣ್ಣ ಸಿಗ್ಲಿಲ್ಲ? ನೀವು ಸರಿಯಾಗಿ ಹುಡುಕ್ಲಿಲ್ವಾ?"

ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನಾಲ್ಕು ದಿನ ಒದ್ದಾಡಿ ಕೊನೆಗೆ ಫೋನ್ ಮಾಡಿದೆ. "ಅವತ್ತು ನಾನು ಸುಳ್ಳು ಹೇಳ್ದೆ ಕಣಮ್ಮ, ನಿಜ ಏನಂದ್ರೆ..."

"ಬೇಡ ಅಣ್ಣ" ಅಂದರು. "ಮಗ್ಳಿಗೆ ಆಗ್ಲೇ ಹೇಳ್ಬಿಟ್ಟಿದೀನಿ, ನೀರು ಶಾಂತವಾಗಿತ್ತು, ಯಾರೂ ಸರಿಯಾಗಿ ಹುಡುಕ್ಲಿಲ್ಲ ಅಂತ. ಇನ್ನೊಂದ್ಸಲ ಹೇಳೋಕೆ ನನ್ನ ಕೈಲಾಗಲ್ಲ."

ಆಮೇಲೆ ಅವರು ನನ್ನ ಫೋನ್ ಎತ್ತಿಲ್ಲ.